ಕಾಲು ಸೊರಗುತ್ತಿದೆ, ರಿಪೋರ್ಟು ನಾರ್ಮಲ್: ಹೀಗೇಕೆ ಆಗುತ್ತದೆ?

ಸೊಂಟದ ಎಂಆರ್‌ಐ ಆಗಿದೆ, ರಕ್ತ ಪರೀಕ್ಷೆ ಎರಡು ಸಲ ಆಗಿದೆ. ‘ಅಂಥದ್ದೇನೂ ಕಾಣ್ತಿಲ್ಲ’ ಎಂದು ಹೇಳಿ ಕಳಿಸಿದ್ದಾರೆ. ಮನೆಗೆ ಬಂದು ಕಾಲು ಚಾಚಿ ಕೂತರೆ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ಸಣ್ಣಗಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಬಸ್ಸು ಹತ್ತಲು ಕಂಬಿ ಹಿಡಿಯಲೇಬೇಕು. ಮನೆಗೆ ಬಂದ ನೆಂಟರು ‘ನರ ವೀಕ್ ಆಗಿರಬೇಕು’ ಎನ್ನುತ್ತಾರೆ, ಪಕ್ಕದ ಮನೆಯವರು ಎಣ್ಣೆ ತಿಕ್ಕಿಸಲು ಹೇಳುತ್ತಾರೆ, ಇನ್ನೊಬ್ಬರು ವಯಸ್ಸಿನ ಮಾತೆತ್ತುತ್ತಾರೆ.

ರಿಪೋರ್ಟು ನಾರ್ಮಲ್ ಬಂದೂ ಕಾಲು ಸೊರಗುವುದು ಹೇಗೆ ಸಾಧ್ಯ? ಇದಕ್ಕೆ ಉತ್ತರ ಸಿಗಬೇಕಾದರೆ ಕಾಲಿಗೆ ಬಲ ಎಲ್ಲಿಂದ, ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ನರ, ಸುಸ್ತು, ಜೋಮು: ಯಾವುದು ಯಾವುದು?

ದಿನಬಳಕೆಯ ಕನ್ನಡದಲ್ಲಿ ‘ನರ’ ಎಂಬ ಒಂದೇ ಪದ ಮೂರು ಬೇರೆ ಬೇರೆ ವಸ್ತುಗಳಿಗೆ ಓಡಾಡುತ್ತದೆ. ಮುಂಗೈ ಮೇಲೆ ನೀಲಿಯಾಗಿ ಉಬ್ಬಿರುವುದೂ ನರ, ಹಿಮ್ಮಡಿಯ ಮೇಲೆ ಹಗ್ಗದಂತೆ ಬಿಗಿದಿರುವುದೂ ನರ, ಮೆದುಳಿನ ಸಂದೇಶ ಒಯ್ಯುವುದೂ ನರ. ಮೊದಲನೆಯದು ರಕ್ತನಾಳ. ಎರಡನೆಯದು ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು. ಈ ಲೇಖನದಲ್ಲಿ ನರ ಎಂದರೆ ಮೂರನೆಯದು ಮಾತ್ರ. ಸ್ನಾಯು ಎಂದರೆ ಮಾಂಸಖಂಡ.

‘ಕಾಲಲ್ಲಿ ಶಕ್ತಿ ಇಲ್ಲ’ ಎಂಬ ಮಾತಿನೊಳಗೂ ನಾಲ್ಕು ಅರ್ಥಗಳು ಅಡಗಿವೆ. ಸುಸ್ತಾಗಿದ್ದರೆ ಇಡೀ ಮೈ ದಣಿದಿರುತ್ತದೆ, ಆದರೆ ಮನಸ್ಸು ಮಾಡಿ ಒಮ್ಮೆ ಒದ್ದರೆ ಕಾಲು ಪೂರ್ತಿ ಬಲದಿಂದಲೇ ಒದೆಯುತ್ತದೆ. ಜೋಮು ಹಿಡಿದಿದ್ದರೆ ಅಥವಾ ಮರಗಟ್ಟಿದ್ದರೆ ಕುಂದಿರುವುದು ಸ್ಪರ್ಶ. ನೋವಿದ್ದರೆ ಬಲ ಇದ್ದರೂ ಬಳಸಲಾಗದು. ಎಷ್ಟು ಮನಸ್ಸು ಮಾಡಿದರೂ ಸ್ನಾಯು ಆ ಕೆಲಸ ಮಾಡಲಾರದೆ ಹೋದಾಗ ಮಾತ್ರ ಅದು ನಿಜವಾದ ಬಲಹೀನತೆ. ವೈದ್ಯರ ಮುಂದೆ ಈ ನಾಲ್ಕರಲ್ಲಿ ಯಾವುದು ಎಂದು ಬಿಡಿಸಿ ಹೇಳಿದರೆ ಅರ್ಧ ದಾರಿ ಸವೆದಂತೆ.

ವೈದ್ಯರು ಬಲವನ್ನು 0ಯಿಂದ 5ರವರೆಗೆ ಅಂಕ ಕೊಟ್ಟು ಬರೆಯುತ್ತಾರೆ. 0 ಎಂದರೆ ಮಿಸುಕಾಟವೂ ಇಲ್ಲ. 3 ಎಂದರೆ ತನ್ನ ಭಾರವನ್ನು ತಾನು ಎತ್ತಬಲ್ಲದು, ಅದರ ಮೇಲೆ ಬೆರಳಿಟ್ಟು ಒತ್ತಿದರೆ ಸೋಲುತ್ತದೆ. 5 ಎಂದರೆ ಪೂರ್ತಿ ಬಲ. ಇಲ್ಲೊಂದು ತೊಡಕಿದೆ. ಇಡೀ ಮೈಭಾರವನ್ನು ಎತ್ತುವ ಮೀನಖಂಡದಲ್ಲಿ ಬಲ ಎಷ್ಟಿರುತ್ತದೆಂದರೆ, ಅದರಲ್ಲಿ ಒಂದಷ್ಟು ಕುಂದಿದ್ದರೂ ವೈದ್ಯರ ಕೈ ಅದನ್ನು ಸೋಲಿಸಲಾರದು, ಚೀಟಿಯಲ್ಲಿ 5 ಎಂದೇ ಬರುತ್ತದೆ. ಅದಕ್ಕೇ ಒಂದೇ ಕಾಲಿನ ತುದಿಬೆರಳ ಮೇಲೆ ಹತ್ತು ಸಲ ಏಳಿಸಿ ನೋಡಬೇಕು.

ಪಂಪ್‌ಸೆಟ್ಟಿಗೆ ಕರೆಂಟು ಬರುವ ದಾರಿ

ತೋಟದಲ್ಲಿ ಮೋಟರು ಓಡುತ್ತಿಲ್ಲ. ಕಾರಣ ವಿದ್ಯುತ್ ಕೇಂದ್ರದಲ್ಲಿರಬಹುದು, ಅಲ್ಲಿಂದ ಬರುವ ಮೈನ್ ಲೈನಿನಲ್ಲಿರಬಹುದು, ಬದುವಿನ ಮೇಲಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟಿರಬಹುದು, ಟಿ.ಸಿ.ಯಿಂದ ಬರುವ ವೈರು ತುಂಡಾಗಿರಬಹುದು, ಸ್ಟಾರ್ಟರ್ ಕೈಕೊಟ್ಟಿರಬಹುದು, ಇಲ್ಲವೇ ಮೋಟರಿನ ವೈಂಡಿಂಗೇ ಹೋಗಿರಬಹುದು. ತೋಟದಲ್ಲಿ ನಿಂತವನಿಗೆ ಕಾಣುವುದು ಒಂದೇ: ನೀರು ಬರುತ್ತಿಲ್ಲ.

ಕಾಲಿನ ಕಥೆಯೂ ಹೀಗೆಯೇ. ಮೆದುಳು ವಿದ್ಯುತ್ ಕೇಂದ್ರ. ಬೆನ್ನುಹುರಿಯಲ್ಲಿ ಇಳಿಯುವ ಎಳೆಗಳು ಮೈನ್ ಲೈನ್. ಬೆನ್ನುಹುರಿಯ ಮುಂಭಾಗದಲ್ಲಿ ಸಾಲಾಗಿ ಕೂತ ಚಾಲಕ ನರಕೋಶಗಳು ಟಿ.ಸಿ.ಗಳು. ಅಲ್ಲಿಂದ ಹೊರಟು ಕಾಲಿನುದ್ದಕ್ಕೂ ಇಳಿಯುವ ನರ ವೈರು. ನರದ ತುದಿ ಸ್ನಾಯುವನ್ನು ಮುಟ್ಟುವ ಕೂಡುಸ್ಥಳ ಸ್ಟಾರ್ಟರ್. ಸ್ನಾಯು ಮೋಟರು.

ಆದರೆ ಒಂದು ಕಡೆ ಈ ಹೋಲಿಕೆ ಮುರಿಯುತ್ತದೆ, ಸೊರಗುವಿಕೆಯ ಗುಟ್ಟೂ ಅಲ್ಲೇ ಇದೆ. ಕರೆಂಟಿಲ್ಲದ ಮೋಟರು ಗಾತ್ರದಲ್ಲಿ ಕುಗ್ಗುವುದಿಲ್ಲ. ಸ್ನಾಯು ಕುಗ್ಗುತ್ತದೆ. ಸ್ನಾಯುವಿನ ಎಳೆಗಳು ದಪ್ಪವಾಗಿ ಉಳಿಯಬೇಕಾದರೆ ನರದ ಸಂಪರ್ಕ ಸದಾ ಇರಬೇಕು. ಟಿ.ಸಿ. ಅಥವಾ ವೈರು ಕೆಟ್ಟರೆ ವಾರಗಳಲ್ಲೇ ಸ್ನಾಯು ಬತ್ತತೊಡಗುತ್ತದೆ, ಕಾಲು ಜೋತುಬೀಳುತ್ತದೆ, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಏಳುವ ಒದೆತ ಮಂಕಾಗುತ್ತದೆ. ಮೈನ್ ಲೈನ್ ಕೆಟ್ಟಾಗ ಆಗುವುದೇ ಬೇರೆ. ಟಿ.ಸಿ. ಮತ್ತು ಸ್ನಾಯುವಿನ ನಂಟು ಉಳಿದಿರುವುದರಿಂದ ಕಾಲು ಅಷ್ಟಾಗಿ ಸೊರಗುವುದಿಲ್ಲ. ಬದಲಿಗೆ ಮೆದುಳಿನ ಹಿಡಿತ ತಪ್ಪಿ ಬಿಗಿಯಾಗುತ್ತದೆ, ಸುತ್ತಿಗೆ ತಟ್ಟಿದರೆ ಜಿಗಿಯುತ್ತದೆ. ಒಂದು ಸಣ್ಣ ಸುತ್ತಿಗೆಯಿಂದ ವೈದ್ಯರು ಹುಡುಕುವುದು ಈ ವ್ಯತ್ಯಾಸವನ್ನೇ.

ಬಳಸದೆ ಬಿಟ್ಟರೂ ಸ್ನಾಯು ಕರಗುತ್ತದೆ. ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡವರ ತೊಡೆ ನೋಡಿದರೆ ಸಾಕು. ಮಂಡಿಯೊಳಗೆ ನೀರು ತುಂಬಿ ಊದಿಕೊಂಡಿದ್ದರೂ ತೊಡೆಯ ಮುಂಭಾಗ ಬೇಗ ಇಳಿದುಹೋಗುತ್ತದೆ. ಅಲ್ಲಿ ನರವೂ ಸ್ನಾಯುವೂ ಸರಿಯಾಗಿಯೇ ಇವೆ, ತಪ್ಪಿರುವುದು ಬಳಕೆ. ಮಂಡಿಗೆ ಚಿಕಿತ್ಸೆ ಆಗಿ, ವ್ಯಾಯಾಮ ಶುರುವಾದರೆ ಗಾತ್ರ ಮರಳಿ ಬರುತ್ತದೆ.

ಚಪ್ಪಲಿ ಜಾರಿದ್ದು ಗೊತ್ತಾಗುತ್ತಾ?

ನಮ್ಮಲ್ಲಿ ನರರೋಗ ತಜ್ಞರು ಕೇಳುವ ಒಂದು ಪ್ರಶ್ನೆ ಮೊದಲ ಸಲ ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು: ‘ನಡೀತಾ ಇರುವಾಗ ಹವಾಯಿ ಚಪ್ಪಲಿ ಕಾಲಿಂದ ಜಾರುತ್ತಾ? ಜಾರಿದ್ದು ನಿಮಗೆ ಗೊತ್ತಾಗುತ್ತಾ?’ ಚಪ್ಪಲಿಯನ್ನು ಹಿಡಿದಿಡುವುದು ಪಾದ ಮತ್ತು ಬೆರಳುಗಳ ಸಣ್ಣ ಸ್ನಾಯುಗಳು. ಜಾರಿದ್ದು ಗೊತ್ತಾಗಿಯೂ ಹಿಡಿದಿಡಲಾಗದಿದ್ದರೆ ಪಾದದ ಬಲ ಕುಂದಿದೆ. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಬರಿಗಾಲು ಎಂದು ತಿಳಿದರೆ ಸ್ಪರ್ಶವೂ ಕುಂದಿದೆ. ಎರಡನೆಯದು ಟಿ.ಸಿ.ಯನ್ನೂ ಮೋಟರನ್ನೂ ಬಿಟ್ಟು ವೈರಿನತ್ತ ಬೊಟ್ಟು ಮಾಡುತ್ತದೆ, ಏಕೆಂದರೆ ಸ್ಪರ್ಶದ ಎಳೆ ಮತ್ತು ಚಲನೆಯ ಎಳೆ ಒಟ್ಟಿಗೆ ಸಾಗುವುದು ನರದಲ್ಲಿ.

ಇನ್ನೊಂದು ಪ್ರಶ್ನೆ ಕುಕ್ಕರಗಾಲಿನದು. ನೆಲದ ಮೇಲೆ ಊಟಕ್ಕೆ ಕೂತು, ಇಂಡಿಯನ್ ಟಾಯ್ಲೆಟ್ ಬಳಸಿ ಅಭ್ಯಾಸವಿರುವವರಲ್ಲಿ ಸೊಂಟ ಮತ್ತು ತೊಡೆಯ ಬಲ ಕುಂದಿದ್ದು ಬೇಗ ಬಯಲಾಗುತ್ತದೆ. ಏಳುವಾಗ ಮೊದಲು ಮಂಡಿಯ ಮೇಲೆ ಕೈ, ಆಮೇಲೆ ತೊಡೆಯ ಮೇಲೆ ಕೈ, ಹೀಗೆ ತಮ್ಮ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಾರೆ. 19ನೇ ಶತಮಾನದ ಬ್ರಿಟಿಷ್ ವೈದ್ಯ ವಿಲಿಯಂ ಗವರ್ಸ್ ಹೆಸರಿನಲ್ಲಿ ಇದನ್ನು ಇಂದಿಗೂ ‘ಗವರ್ಸ್ ಚಿಹ್ನೆ’ ಎನ್ನುತ್ತಾರೆ. ಸೊಂಟ, ತೊಡೆ ಎರಡೂ ಬದಿಗೆ ಒಂದೇ ಸಮ ಸೋತಿದ್ದರೆ ಅನುಮಾನ ಮೋಟರಿನ ಕಡೆಗೆ, ಅಂದರೆ ಸ್ನಾಯುವಿನ ಕಾಯಿಲೆಯ ಕಡೆಗೆ ವಾಲುತ್ತದೆ. ಹಿಮ್ಮಡಿಯ ಮೇಲೆ ನಡೆಯಲಾಗದೆ, ಪಾದದ ಮುಂತುದಿ ನೆಲಕ್ಕೆ ಒರೆಸಿ ಹೊಸ್ತಿಲು ಎಡವುತ್ತಿದ್ದರೆ ಅದು ಫುಟ್ ಡ್ರಾಪ್. ಮೆಟ್ಟಿಲು ಇಳಿಯುವಾಗ ಮಂಡಿ ಹಠಾತ್ತನೆ ಮಡಚಿಕೊಂಡರೆ ತೊಡೆಯ ಮುಂಭಾಗದ ಸ್ನಾಯು ಸೋತಿದೆ.

ಓಲಾಡುವ ನಡಿಗೆಯೆಲ್ಲ ಸ್ನಾಯುವಿನದೇ ಆಗಿರಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತಿರುವ ಕಾಯಿಲೆಯಲ್ಲಿ ಕೆಟ್ಟಿರುವುದು ಸೊಂಟದ ಕೀಲು ಮತ್ತು ಮೂಳೆ.

ಗುಣವಾಗುವ ಕಾರಣಗಳನ್ನು ಮೊದಲು ಹುಡುಕಬೇಕು

ಅಪರೂಪದ ಕಾಯಿಲೆಗಳ ಹೆಸರುಗಳನ್ನು ಮೊಬೈಲಿನಲ್ಲಿ ಓದಿ ಹೆದರುವ ಮೊದಲು ಇದಿಷ್ಟು ನೋಡಿಸಿಕೊಂಡಿರಬೇಕು. ಬಿ12 ಜೀವಸತ್ವ ಸಿಗುವುದು ಪ್ರಾಣಿಜನ್ಯ ಆಹಾರದಲ್ಲಿ, ಹಾಲು ಮೊಸರೂ ಸೇರಿ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಅದು ಕಡಿಮೆಯಾಗಿ ನರ ಮತ್ತು ಬೆನ್ನುಹುರಿ ಎರಡಕ್ಕೂ ಪೆಟ್ಟು ಕೊಡಬಹುದು. ಬೇಗ ಗೊತ್ತಾದರೆ ಇಂಜೆಕ್ಷನ್ನಿನಿಂದ ಸರಿಹೋಗುತ್ತದೆ, ತಡವಾದಷ್ಟೂ ಪೂರ್ತಿ ವಾಪಸಾಗುವುದು ಕಷ್ಟ. ಡಿ ಜೀವಸತ್ವ ತೀರಾ ಕಡಿಮೆಯಾದರೆ, ಥೈರಾಯ್ಡ್ ಏರುಪೇರಾದರೆ ತೊಡೆಯ ಬಲ ಕುಂದುತ್ತದೆ.

ಮಧುಮೇಹದಲ್ಲಿ ಹೆಚ್ಚು ಮಂದಿಗೆ ಗೊತ್ತಿರುವುದು ಪಾದ ಉರಿಯುವುದು. ಆದರೆ ನಡುವಯಸ್ಸು ದಾಟಿದವರಲ್ಲಿ ಒಂದು ತೊಡೆಗೆ ನಿದ್ದೆಗೆಡಿಸುವ ನೋವು ಬಂದು, ಕೆಲವೇ ವಾರಗಳಲ್ಲಿ ಆ ತೊಡೆ ಇಳಿದು, ತೂಕವೂ ಕರಗುವ ಒಂದು ಬಗೆ ಇದೆ. ನೋಡಿದವರು ಕ್ಯಾನ್ಸರ್ ಎಂದೇ ಭಯಪಡುತ್ತಾರೆ. ಹೆಚ್ಚಿನವರಲ್ಲಿ ಇದು ತಿಂಗಳುಗಳ ಅವಧಿಯಲ್ಲಿ ತಾನಾಗಿ ಸುಧಾರಿಸುತ್ತದೆ.

ಔಷಧಿಯೂ ಕಾರಣವಾಗಬಹುದು. ಕೀಲುನೋವಿಗೋ ದಮ್ಮಿಗೋ ಎಂದು ಹೆಸರಿಲ್ಲದ ಪೊಟ್ಟಣದಲ್ಲಿ ಕೊಟ್ಟ ಮಾತ್ರೆಯಲ್ಲಿ ಸ್ಟಿರಾಯ್ಡ್ ಇದ್ದು, ತಿಂಗಳುಗಟ್ಟಲೆ ನುಂಗಿದರೆ ಮುಖ ಊದುತ್ತದೆ, ತೊಡೆ ಸೊರಗುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ವೈದ್ಯರು ಹೇಳಿದಂತೆ ಇಳಿಸುತ್ತಾ ಬರಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಕೆಲವರಲ್ಲಿ ಸ್ನಾಯುನೋವು ತರುತ್ತವೆ.

ಕುಷ್ಠರೋಗ ಮುಗಿದ ಕಥೆ ಎಂದು ಹಲವರು ನಂಬಿದ್ದಾರೆ. ಅದು ಇನ್ನೂ ಇದೆ, ಮೊಣಕಾಲಿನ ಹೊರಬದಿಯ ನರವನ್ನು ಹಿಡಿದು ಪಾದ ಬೀಳಿಸುತ್ತದೆ. ಸ್ಪರ್ಶವಿಲ್ಲದ ಮಚ್ಚೆಯೇನಾದರೂ ಕಂಡರೆ ಮುಚ್ಚಿಡಬಾರದು, ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಗುಣವಾಗುವ ಚಿಕಿತ್ಸೆ ಉಚಿತ. ಇನ್ನು ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಆಳದ ಕೊಳವೆಬಾವಿಯ ನೀರನ್ನು ದಶಕಗಳ ಕಾಲ ಕುಡಿದವರ ಮಾತು ಬೇರೆ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಬಹಳ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದಾಗ ಬೆನ್ನುಮೂಳೆ ಒಳಗೆ ಬೆಳೆದು ಬೆನ್ನುಹುರಿಯನ್ನು ಅಮುಕಿ ಕಾಲು ಬಿಗಿಯಾಗಬಹುದು. ಇಲ್ಲಿ ಕೆಟ್ಟಿರುವುದು ಮೈನ್ ಲೈನ್.

ಕೆಲವು ಲಕ್ಷಣಗಳಿಗೆ ಅಪಾಯಿಂಟ್‌ಮೆಂಟ್ ಕಾಯಬಾರದು. ಪಾದದಲ್ಲಿ ಶುರುವಾದ ಬಲಹೀನತೆ ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಉಸಿರಾಟ ಅಥವಾ ನುಂಗುವುದು ಕಷ್ಟವಾದರೆ ಅದೇ ಹೊತ್ತಿಗೆ ದೊಡ್ಡ ಆಸ್ಪತ್ರೆಯ ತುರ್ತು ಘಟಕಕ್ಕೆ ಹೋಗಬೇಕು. 2025ರ ಆರಂಭದಲ್ಲಿ ಪುಣೆಯಲ್ಲಿ ಸುದ್ದಿಯಾದ ಗಿಲನ್-ಬಾರೆ ಕಾಯಿಲೆ ಹೀಗೆ ದಿನಗಳ ಲೆಕ್ಕದಲ್ಲಿ ಏರುವಂಥದ್ದು.

ಪರೀಕ್ಷೆಗಳಿಗೆ ಕಾಣುವುದು, ಕಾಣದಿರುವುದು

‘ಎಲ್ಲಾ ಟೆಸ್ಟ್ ಮಾಡಿಸಿದ್ದೇವೆ’ ಎನ್ನುವವರು ಹೆಚ್ಚಾಗಿ ಮಾಡಿಸಿರುವುದು ಸೊಂಟದ ಎಂಆರ್‌ಐ. ಅದು ತೋರಿಸುವುದು ಸೊಂಟದ ಭಾಗವನ್ನು ಮಾತ್ರ. ಕುತ್ತಿಗೆ ಅಥವಾ ಎದೆಯ ಮಟ್ಟದಲ್ಲಿ ಬೆನ್ನುಹುರಿಗೆ ಒತ್ತಡವಿದ್ದರೂ ಕಾಲು ಸೋಲುತ್ತದೆ, ಆ ಒತ್ತಡ ಸೊಂಟದ ಚಿತ್ರದಲ್ಲಿ ಸಿಗದು. ಇದಕ್ಕೆ ತಿರುವುಮುರುವಾದ ತೊಂದರೆಯೂ ಇದೆ. ಚಿತ್ರದಲ್ಲಿ ಕಂಡದ್ದೆಲ್ಲ ಕಾರಣವಲ್ಲ. ಯಾವ ತೊಂದರೆಯೂ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 20ರ ಹರೆಯದಲ್ಲೇ ನೂರಕ್ಕೆ ಸುಮಾರು 30 ಜನರಿಗೆ, 80ರ ವಯಸ್ಸಿನಲ್ಲಿ 84 ಜನರಿಗೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿರುವುದು ಕಂಡಿದೆ. ಹಾಗಾಗಿ ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’ ಎಂದಿದ್ದ ಮಾತ್ರಕ್ಕೆ ನೋವಿಲ್ಲದೆ ಸೊರಗುತ್ತಿರುವ ಕಾಲಿಗೆ ಅದೇ ಕಾರಣ ಎನ್ನಲಾಗದು. ಆಪರೇಷನ್ನಿಗೆ ಒಪ್ಪುವ ಮೊದಲು ಒಬ್ಬ ನರರೋಗ ತಜ್ಞರಿಗೆ ಕಾಲು ತೋರಿಸುವುದು ಒಳ್ಳೆಯದು.

ರಕ್ತದಲ್ಲಿ ಸಿಕೆ ಎಂಬ ಅಂಶ ನೋಡುತ್ತಾರೆ. ಅದು ಸ್ನಾಯುಕೋಶದೊಳಗೆ ಇರಬೇಕಾದದ್ದು, ಕೋಶ ಒಡೆದಾಗ ರಕ್ತಕ್ಕೆ ಸೋರುತ್ತದೆ. ಜೀನಿನ ದೋಷದಿಂದ ಸ್ನಾಯುವೇ ಕ್ಷೀಣಿಸುತ್ತಾ ಹೋಗುವ ಸ್ನಾಯುಕ್ಷಯದ (ಮಸ್ಕ್ಯುಲರ್ ಡಿಸ್ಟ್ರಫಿ) ಕೆಲವು ಬಗೆಗಳಲ್ಲಿ ಹತ್ತಾರು ಪಟ್ಟು ಏರುತ್ತದೆ. ಹಿಂದಿನ ದಿನ ಜಿಮ್ಮಿನಲ್ಲಿ ಬೆವರು ಸುರಿಸಿದ್ದರೂ ಏರುತ್ತದೆ, ಅದನ್ನು ಮೊದಲೇ ಹೇಳಿಬಿಡಿ.

ಮೋಟರು ಕೆಟ್ಟಿದೆಯೋ ವೈರು ಕೆಟ್ಟಿದೆಯೋ ಎಂದು ಬಿಡಿಸುವ ಪರೀಕ್ಷೆ ಇಎಂಜಿ ಮತ್ತು ನರವಾಹಕತೆಯ ಪರೀಕ್ಷೆ. ಚರ್ಮದ ಮೇಲೆ ಸಣ್ಣ ಶಾಕ್ ಕೊಟ್ಟು ಸಂದೇಶ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆಯುತ್ತಾರೆ, ಆಮೇಲೆ ತೆಳುವಾದ ಸೂಜಿಯನ್ನು ಸ್ನಾಯುವಿಗೆ ಚುಚ್ಚಿ ಅದರ ವಿದ್ಯುತ್ ಸದ್ದು ಆಲಿಸುತ್ತಾರೆ. ಸ್ವಲ್ಪ ನೋವಾಗುತ್ತದೆ, ಆದರೆ ಇದರಷ್ಟು ದಾರಿ ತೋರುವ ಪರೀಕ್ಷೆ ಕಡಿಮೆ. ನರಕ್ಕೆ ಪೆಟ್ಟಾದ ಗುರುತು ಸ್ನಾಯುವಿನಲ್ಲಿ ಮೂಡಲು ಸುಮಾರು ಮೂರು ವಾರ ಬೇಕು, ಆದ್ದರಿಂದ ತೀರಾ ಬೇಗ ಮಾಡಿಸಿದರೆ ನಾರ್ಮಲ್ ಬರಬಹುದು. ಆರು ತಿಂಗಳ ಬಳಿಕ ಮತ್ತೆ ಮಾಡಿಸಿ ಎಂದರೆ ಹಣ ಕೀಳುವ ಮಾತೆಂದು ಭಾವಿಸಬೇಡಿ. ಎರಡರ ನಡುವಿನ ವ್ಯತ್ಯಾಸವೇ ಅಲ್ಲಿ ಉತ್ತರ.

ಜೀನ್ ಪರೀಕ್ಷೆಯ ಫಲಿತಾಂಶ ಓದುವುದು ಇನ್ನೂ ನಾಜೂಕು. ‘ಹಾಲು’ ಎಂಬುದರಲ್ಲಿ ಒಂದಕ್ಷರ ಬದಲಾಗಿ ‘ಹಾಳು’ ಆದರೆ ಅರ್ಥವೇ ಕೆಡುತ್ತದೆ. ‘ಅದಕ್ಕೆ’ ಎಂಬುದು ‘ಅದಕೆ’ ಆದರೆ ಏನೂ ಕೆಡುವುದಿಲ್ಲ. ನಮ್ಮೆಲ್ಲರ ಜೀನಿನಲ್ಲೂ ಇಂಥ ಅಕ್ಷರ ವ್ಯತ್ಯಾಸಗಳು ತುಂಬಿವೆ. ಕೆಲವು ಎರಡರಲ್ಲಿ ಯಾವ ಬಗೆಯವು ಎಂದು ಇವತ್ತಿಗೆ ಯಾರೂ ಹೇಳಲಾರರು. ರಿಪೋರ್ಟಿನಲ್ಲಿ ‘ಮಹತ್ವ ಅನಿಶ್ಚಿತ’ ಎಂಬರ್ಥದ ಸಾಲಿದ್ದರೆ ಅದು ಕಾಯಿಲೆ ಇದೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಕೆಲವು ವರ್ಷಗಳ ನಂತರ ಅದೇ ರಿಪೋರ್ಟನ್ನು ಮತ್ತೆ ಓದಿಸಿದಾಗ ಉತ್ತರ ಸಿಕ್ಕವರಿದ್ದಾರೆ.

ಬೆಂಗಳೂರಿನಲ್ಲಿ ಹೆಸರು ಪಡೆದ ಕಾಯಿಲೆ

ಹದಿನೆಂಟು, ಇಪ್ಪತ್ತರ ಹುಡುಗ. ನೋವಿಲ್ಲ, ಜೋಮಿಲ್ಲ, ಮನೆತನದಲ್ಲಿ ಯಾರಿಗೂ ಹೀಗಾಗಿಲ್ಲ. ಒಂದು ಕಾಲು ಮಾತ್ರ ನಿಧಾನವಾಗಿ ಸಣ್ಣಗಾಗುತ್ತಿದೆ. ಅದನ್ನು ಮೊದಲು ಕಂಡದ್ದೂ ಅವನಲ್ಲ, ಮನೆಯವರು. ಇಂಥ ರೋಗಿಗಳನ್ನು 1981ರಲ್ಲಿ ಚಂಡೀಗಡದ ವೈದ್ಯರು ‘ಸೊರಗಿದ ಕಾಲಿನ ಕಾಯಿಲೆ’ ಎಂಬರ್ಥದ ಹೆಸರಿನಲ್ಲಿ ವರದಿ ಮಾಡಿದರು. 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಒಂದೇ ಕೈ ಅಥವಾ ಒಂದೇ ಕಾಲು ಹೀಗೆ ಸೊರಗುವುದನ್ನು ವಿವರಿಸಿ ‘ಮೊನೊಮೆಲಿಕ್ ಅಮಯೋಟ್ರಫಿ’ ಎಂದು ಹೆಸರಿಟ್ಟರು. ಒಂದು ಅವಯವದ ಸ್ನಾಯು ಸೊರಗುವಿಕೆ ಎಂದು ಅದರ ಅರ್ಥ. ಇಂದು ಜಗತ್ತಿನ ನರರೋಗ ತಜ್ಞರೆಲ್ಲ ಬಳಸುವ ಆ ಹೆಸರು ಹುಟ್ಟಿದ್ದು ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ.

ಕೆಟ್ಟಿರುವುದು ಒಂದು ಕಾಲಿನ ಪಾಲಿನ ಕೆಲವು ಟಿ.ಸಿ.ಗಳು. ಯಾಕೆ ಕೆಟ್ಟವು ಎಂಬುದು ಕಾಲಿನ ಮಟ್ಟಿಗೆ ಇವತ್ತಿಗೂ ಬಗೆಹರಿದಿಲ್ಲ. ಕೈ ಸೊರಗುವ ಬಗೆಯನ್ನು 1959ರಲ್ಲಿ ಜಪಾನಿನ ಹಿರಾಯಾಮ ವಿವರಿಸಿದ್ದರು. ಅದರಲ್ಲಿ ಕುತ್ತಿಗೆ ಬಗ್ಗಿಸಿದಾಗ ಬೆನ್ನುಹುರಿಯ ಹೊದಿಕೆ ಮುಂದೆ ಸರಿದು ಹುರಿಯನ್ನು ಒತ್ತುತ್ತದೆ ಎಂದು ಗೊತ್ತಾಗಿದೆ, ಅದಕ್ಕೇ ಕುತ್ತಿಗೆಗೆ ಕಾಲರ್ ಹಾಕಿಸುತ್ತಾರೆ. ಕಾಲಿಗೆ ಇಂಥ ವಿವರಣೆ ಸಿಕ್ಕಿಲ್ಲ. ಆದರೆ ಅದರ ನಡೆ ಗೊತ್ತಿದೆ: ಎರಡರಿಂದ ಐದು ವರ್ಷ ನಿಧಾನವಾಗಿ ಹೆಚ್ಚಿ, ಬಹುತೇಕರಲ್ಲಿ ಅಲ್ಲಿಗೇ ನಿಲ್ಲುತ್ತದೆ. ಕಾಲು ಸಣ್ಣದಾಗಿಯೇ ಉಳಿಯುತ್ತದೆ, ಆದರೂ ನಡೆದಾಡಿಕೊಂಡು ಉದ್ಯೋಗ, ಸಂಸಾರ ಎಲ್ಲ ಸಾಗುತ್ತದೆ. ಕಾರಣ ತಿಳಿಯದಿದ್ದರೂ ಕಾಯಿಲೆಯ ಗುರುತು ಹಿಡಿಯಬಹುದು, ಮುಂದೇನು ಎಂದು ಹೇಳಬಹುದು.

ಇದನ್ನು ಮೊದಲ ಭೇಟಿಯಲ್ಲೇ ಖಚಿತಪಡಿಸುವ ಪರೀಕ್ಷೆ ಇಲ್ಲ. ಇದೇ ರೀತಿ ಆರಂಭವಾಗುವ ಬೇರೆ ಕಾಯಿಲೆಗಳಿವೆ. ಎರಡೂ ಮೀನಖಂಡ ಸೊರಗಿ ಸಿಕೆ ವಿಪರೀತ ಏರಿದ್ದರೆ ಅದು ಸ್ನಾಯುಕ್ಷಯದ ಒಂದು ಬಗೆ. ಚಿಕ್ಕಂದಿನಿಂದಲೂ ಪಾದದ ಕಮಾನು ಎತ್ತರವಿದ್ದು ಮೊಣಕಾಲ ಕೆಳಗೆ ತೆಳ್ಳಗಿದ್ದರೆ, ತಂದೆಗೋ ತಾಯಿಗೋ ಹಾಗೇ ಇದ್ದರೆ, ವಂಶಪಾರಂಪರ್ಯದ ನರದ ಕಾಯಿಲೆ. ಮೈನ್ ಲೈನೂ ಟಿ.ಸಿ.ಗಳೂ ಒಟ್ಟಿಗೆ ಕೆಡುತ್ತಾ ಹೋಗುವ, ಎಲ್ಲರೂ ಹೆದರುವ ಎಎಲ್‌ಎಸ್ ಕೂಡ ಕೆಲವರಲ್ಲಿ ನೋವಿಲ್ಲದ ಒಂದು ಫುಟ್ ಡ್ರಾಪ್‌ನಿಂದ ಶುರುವಾಗುತ್ತದೆ. ಅದರಲ್ಲಿ ಸೊರಗಿದ ಕಾಲಿನಲ್ಲೇ ಬಿಗಿತವೂ ಸೇರುತ್ತದೆ, ತಿಂಗಳುಗಳಲ್ಲಿ ಇನ್ನೊಂದು ಕಾಲಿಗೆ, ಕೈಗೆ, ಮಾತಿಗೆ ಹರಡುತ್ತದೆ. ಇವನ್ನೆಲ್ಲ ಬೇರ್ಪಡಿಸುವುದು ಕಾಲ. ‘ಆರು ತಿಂಗಳು ಬಿಟ್ಟು ಬನ್ನಿ’ ಎಂಬ ಮಾತು ಮನೆಯವರಿಗೆ ಕೈಬಿಟ್ಟಂತೆ ಕೇಳಿಸುತ್ತದೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಆರು ತಿಂಗಳಲ್ಲಿ ಬದಲಾಗದೆ ಉಳಿದ ಕಾಲು ತರುವ ಭರವಸೆಯನ್ನು ಯಾವ ಸ್ಕ್ಯಾನೂ ಕೊಡಲಾರದು. ಬಲ ಕುಂದದೆ, ಗಾತ್ರ ಇಳಿಯದೆ, ಮೀನಖಂಡ ಬರೀ ಪಟಪಟ ಅದುರುವುದು ಆರೋಗ್ಯವಂತರಲ್ಲೂ ಸಾಮಾನ್ಯ.

ಬಾಲ್ಯದಲ್ಲಿ ಪೋಲಿಯೊ ಆದವರದು ಇನ್ನೊಂದು ಗುಂಪು. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಆದರೆ ಹಿಂದೆ ಪೋಲಿಯೊ ದಾಟಿ ಬಂದವರಿಗೆ ದಶಕಗಳ ನಂತರ ಹೊಸದಾಗಿ ಬಲ ಕುಂದಬಹುದು. ಅಂದು ಸುಟ್ಟ ಟಿ.ಸಿ.ಗಳ ಹೊರೆಯನ್ನು ಉಳಿದವು ಇಷ್ಟು ವರ್ಷ ಹೊತ್ತು ಈಗ ದಣಿದಿವೆ.

ದಿನನಿತ್ಯ

ಸ್ನಾಯು ಉಳಿಸಿಕೊಳ್ಳಲು ವ್ಯಾಯಾಮ ಬೇಕು. ಹಟಕ್ಕೆ ಬಿದ್ದು ದಣಿಯುವಷ್ಟು ಮಾಡಿದರೆ ಉಳಿದ ಬಲವೂ ಸೋಲಬಹುದು. ಫಿಸಿಯೋಥೆರಪಿಸ್ಟರು ಹೇಳುವ ಲೆಕ್ಕ ಸುಲಭವಾದದ್ದು: ಇವತ್ತಿನ ವ್ಯಾಯಾಮದ ನೋವು, ದಣಿವು ನಾಳೆ ಬೆಳಿಗ್ಗೆಗೂ ಉಳಿದಿದ್ದರೆ ಅದು ಹೆಚ್ಚಾಯಿತು. ಎಣ್ಣೆ ತಿಕ್ಕಿದರೆ ಹಾಯೆನಿಸುತ್ತದೆ, ಬಿಗಿತ ಸಡಿಲವಾಗುತ್ತದೆ. ನರದ ಸಂಪರ್ಕ ತಪ್ಪಿದ ಸ್ನಾಯುವನ್ನು ಅದು ಬೆಳೆಸಲಾರದು. ಸ್ಪರ್ಶ ಕುಂದಿದ ಪಾದಕ್ಕೆ ಬಿಸಿ ಶಾಖ ಕೊಡುವುದಂತೂ ಬೇಡ, ಸುಟ್ಟದ್ದು ತಿಳಿಯುವುದಿಲ್ಲ.

ಪಾದ ಬೀಳುತ್ತಿದ್ದರೆ ಎಎಫ್‌ಓ ಎಂಬ ಹಗುರ ಪ್ಲಾಸ್ಟಿಕ್ ಪಟ್ಟಿ ಪಾದವನ್ನು ಎತ್ತಿ ಹಿಡಿಯುತ್ತದೆ. ಪ್ಯಾಂಟಿನೊಳಗೆ ಕಾಣುವುದೂ ಇಲ್ಲ. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಸಾಕು, ಹವಾಯಿ ಬಿಡಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಬಚ್ಚಲಲ್ಲಿ ಹಿಡಿಗಂಬಿ, ಕಮೋಡಿನ ಎತ್ತರ ಹೆಚ್ಚಿಸುವ ಸೀಟು, ಮಳೆಗಾಲದಲ್ಲಿ ಅಂಗಳದ ಪಾಚಿ ಉಜ್ಜುವುದು, ಹೊಸ್ತಿಲಿಗೆ ಎದ್ದುಕಾಣುವ ಬಣ್ಣ: ಇವುಗಳ ಖರ್ಚು ಒಂದು ಮೂಳೆ ಮುರಿತದ ಖರ್ಚಿನ ಮುಂದೆ ಏನೂ ಅಲ್ಲ.

ಕಾಯಿಲೆಯ ಹೆಸರು ಇನ್ನೂ ಖಚಿತವಾಗಿಲ್ಲವೆಂದು ಅಂಗವಿಕಲರ ಪ್ರಮಾಣಪತ್ರದ ವಿಚಾರವನ್ನೇ ಬಿಟ್ಟವರುಂಟು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ, ಚಲನೆಯ ವೈಕಲ್ಯವೂ ಸ್ನಾಯುಕ್ಷಯವೂ ಅದರಲ್ಲಿವೆ. ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿ ಅಳೆಯುವುದು ಬಲ ಎಷ್ಟು ಕುಂದಿದೆ, ಓಡಾಟ ಎಷ್ಟು ಕಷ್ಟವಾಗಿದೆ ಎಂಬುದನ್ನು. ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಸಲಾತಿಯಂಥ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಸ್ಥಿತಿ ಬದಲಾಗಬಹುದು ಎನಿಸಿದರೆ ತಾತ್ಕಾಲಿಕ ಪತ್ರ ಕೊಡುತ್ತಾರೆ.

ಒಂದು ನೋಟ್‌ಬುಕ್ ಇಡಿ. ಮೂರು ತಿಂಗಳಿಗೊಮ್ಮೆ, ಮಂಡಿಚಿಪ್ಪಿನ ಮೇಲಂಚಿನಿಂದ 10 ಸೆಂಟಿಮೀಟರ್ ಮೇಲೆ ತೊಡೆಯ ಸುತ್ತಳತೆ, ಕೆಳಗೆ ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ಎರಡೂ ಕಾಲಿನದು, ಟೈಲರ್ ಟೇಪಿನಲ್ಲಿ ಅಳೆದು ಬರೆಯಿರಿ. ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಹುದು, ಅದನ್ನೂ ಎಣಿಸಿ. ಅದೇ ಜಾಗದಲ್ಲಿ, ಮುಂದಿನಿಂದ ಮತ್ತು ಪಕ್ಕದಿಂದ, ನಡೆಯುವ ವಿಡಿಯೊ ಮಾಡಿಟ್ಟುಕೊಳ್ಳಿ. ಹೊಸ ವೈದ್ಯರ ಬಳಿ ಹೋಗುವಾಗ ಹಳೆಯ ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಇದರ ಜೊತೆ ಕೊಡಿ. ಆ ದಿನ ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ದಿನವೂ ಮೆಟ್ಟುವ ಹಳೆಯದನ್ನೇ ಹಾಕಿಕೊಳ್ಳಿ. ಅಟ್ಟೆ ಎಲ್ಲಿ ಸವೆದಿದೆ, ಯಾವ ಕಾಲಿನದು ಹೆಚ್ಚು ಸವೆದಿದೆ ಎಂಬುದನ್ನು ಅವರು ತಿರುಗಿಸಿ ನೋಡಬಹುದು.